ಮೀನಿನ ತೊಟ್ಟಿ: ಗಿಡ ಮೊದಲು, ಮೀನು ಆಮೇಲೆ

ಪಟ್ಟಣಕ್ಕೆ ಹೋದಾಗ ಮಕ್ಕಳ ಹಟಕ್ಕೆ ಗಾಜಿನ ತೊಟ್ಟಿಯನ್ನೂ ಐದಾರು ಬಣ್ಣದ ಮೀನುಗಳನ್ನೂ ಕೊಂಡು ತಂದು, ಅಂದೇ ಸಂಜೆ ನೀರು ತುಂಬಿ ಮೀನು ಬಿಡುವವರು ಬಹಳ. ವಾರ ಹತ್ತು ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸಾಯುತ್ತವೆ. ರೋಗ ಬಂತೆಂದು ತಿಳಿದು ಔಷಧಿ ಹಾಕುವುದೂ ಉಂಟು. ಈ ಲೇಖಕನ ಮೊದಲ ತೊಟ್ಟಿಯ ಗತಿಯೂ ಇದೇ ಆಯಿತು. ಆರು ಮೀನುಗಳಲ್ಲಿ ಒಂದೂ ಉಳಿಯಲಿಲ್ಲ. ಅಲ್ಲಿ ರೋಗವೇನೂ ಇರಲಿಲ್ಲ. ನೀರು ಹದಕ್ಕೆ ಬಂದಿರಲಿಲ್ಲ, ಅಷ್ಟೇ.

ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದು ಕೊಳೆತ ಆಹಾರದಿಂದಲೂ ನೀರಿಗೆ ಅಮೋನಿಯ ಸೇರುತ್ತದೆ. ಇದು ಮೀನಿಗೆ ವಿಷ. ಕೆಲವು ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೆ ಕೆಲವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತವೆ. ಹೊಲದಲ್ಲಿ ಯೂರಿಯಾ ಮತ್ತು ಕೊಟ್ಟಿಗೆ ಗೊಬ್ಬರದ ಸಾರಜನಕ ನೈಟ್ರೇಟ್ ಆಗುವುದೂ ಇಂತಹ ಜೀವಿಗಳಿಂದಲೇ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಸಿ ಸಗಣಿಯನ್ನು ಸಸಿಯ ಬುಡಕ್ಕೆ ಹಾಕದೆ, ಕಳಿಯುವ ತನಕ ಕಾಯುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡಗಳು ಅಮೋನಿಯವನ್ನು ನೇರವಾಗಿಯೇ ಹೀರಿಕೊಳ್ಳುವುದರಿಂದ, ಮೊದಲ ದಿನವೇ ಒತ್ತಾಗಿ ಗಿಡ ನೆಟ್ಟ ತೊಟ್ಟಿ ಬೇಗ ಹದಗೊಳ್ಳುತ್ತದೆ.

ಈ ವಿಚಾರ ಹಳೆಯದು. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್‌ಗಳನ್ನು ವ್ಯಾಲಿಸ್ನೇರಿಯ ಎಂಬ ನೀರುಗಿಡದೊಡನೆ ಸಾಕಿ, ತನ್ನ ಅನುಭವವನ್ನು 1850ರಲ್ಲಿ ವರದಿ ಮಾಡಿದನು. ಎಲೆ ಕೊಳೆತು ನೀರು ಕೆಡತೊಡಗಿದಾಗ ಕೆಲವು ಬಸವನಹುಳುಗಳನ್ನು ಬಿಟ್ಟನು, ನೀರು ತಿಳಿಯಾಯಿತು. ಪಟ್ಟಿಯಂತೆ ಉದ್ದ ಎಲೆಯ ಈ ಗಿಡದ ಜಾತಿ ನಮ್ಮ ಕೆರೆ, ನಾಲೆಗಳಲ್ಲಿಯೂ ಇದೆ.

ಮೊದಲ ಸಲಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸಾಕು. ಇದಕ್ಕಿಂತ ಚಿಕ್ಕದು ಸುಲಭವೆಂದು ಭಾವಿಸಬಾರದು. ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ. ಇದರಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುವುದರಿಂದ ಗಾಜು, ಮಣ್ಣು ಸೇರಿ ತೂಕ 70 ಕಿಲೋ ಮೀರುವುದು. ಗಟ್ಟಿಯಾದ ಸಮತಟ್ಟು ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಬೇಕು.

ತಳಕ್ಕೆ ಗೊಬ್ಬರ, ಕೀಟನಾಶಕ ಸೋಕದ ತೋಟದ ಮಣ್ಣನ್ನು ಜರಡಿ ಹಿಡಿದು ಒಂದು ಅಂಗುಲ ಹರಡಿ, ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು ಒಂದೂವರೆ ಅಂಗುಲ ಹಾಕಬೇಕು. ಎರೆಮಣ್ಣು ಬೇಡ, ನೀರು ಕದಡುತ್ತದೆ. ಮರಳಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಬೇರೆ ಮರಳು ಹುಡುಕತಕ್ಕದ್ದು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಮರಳಿನ ಮೇಲೆ ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಸುರಿಯಬೇಕು.

ಹಿಂಬದಿಗೆ ವ್ಯಾಲಿಸ್ನೇರಿಯ, ಹೈಡ್ರಿಲ್ಲ; ಮುಂದಕ್ಕೆ ಗಿಡ್ಡನೆಯ ಕ್ರಿಪ್ಟೊಕೋರಿನ್. ಬೇರು ಮಾತ್ರ ಮರಳಿನೊಳಗಿರಬೇಕು. ವ್ಯಾಲಿಸ್ನೇರಿಯದ ಸುಳಿ ಹೂತರೆ ಗಿಡ ಕೊಳೆಯುತ್ತದೆ. ಕ್ರಿಪ್ಟೊಕೋರಿನ್ ನೆಟ್ಟ ಕೆಲವೇ ದಿನಗಳಲ್ಲಿ ಎಲೆಯೆಲ್ಲ ಕರಗಿಹೋಗುವುದುಂಟು. ಗಾಬರಿಯಾಗಿ ಕಿತ್ತೆಸೆಯಬೇಡಿ. ಬೇರು ಚೆನ್ನಾಗಿದ್ದರೆ ಮತ್ತೆ ಚಿಗುರುವುದು. ಕೆರೆಯಿಂದ ತಂದ ಗಿಡವಾದರೆ ತೆಳು ಗುಲಾಬಿ ಬಣ್ಣ ಬರುವಷ್ಟು ಪೊಟಾಸಿಯಂ ಪರ್ಮಾಂಗನೇಟ್ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು ನೆಡಬೇಕು. ಇಲ್ಲದಿದ್ದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಜೊತೆಗೆ ಬಂದು ಸಣ್ಣ ಮೀನುಗಳನ್ನೇ ತಿಂದುಬಿಡುತ್ತವೆ.

ಎಲ್‌ಇಡಿ ದೀಪವನ್ನು ದಿನಕ್ಕೆ ಎಂಟು ಗಂಟೆ ಉರಿಸಿದರೆ ಸಾಕು. ನೀರು ಹಸಿರಾದರೆ ಬೆಳಕು ಕಡಿಮೆ ಮಾಡಿ. ಮೊದಲ ವಾರಗಳಲ್ಲಿ ತಳದ ಮಣ್ಣಿನಿಂದಲೇ ಸ್ವಲ್ಪ ಅಮೋನಿಯ ಬರುವುದು. ಮೀನಿಗೆ ಹಾನಿಕರವಾದ ಇದು ಆ ಸೂಕ್ಷ್ಮಜೀವಿಗಳಿಗೆ ಆಹಾರ. ಆದ್ದರಿಂದ ಮಕ್ಕಳು ಎಷ್ಟು ಕಾಡಿದರೂ ಒಂದು ತಿಂಗಳು ಮೀನು ಬಿಡಕೂಡದು. ಪರೀಕ್ಷಾ ಕಿಟ್ ದೊರೆತರೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದುದನ್ನು ನೋಡಿಕೊಳ್ಳುವುದು ಇನ್ನೂ ಒಳ್ಳೆಯದು.

ಆಮೇಲೆ ಐದಾರು ಗಪ್ಪಿಗಳನ್ನೋ ನಮ್ಮ ನಾಡಿನ ಹಳ್ಳಕೊಳ್ಳಗಳದೇ ಆದ ಜೀಬ್ರಾ ಡೇನಿಯೊಗಳನ್ನೋ ಬಿಡಬಹುದು. ಗೋಲ್ಡ್‌ಫಿಶ್ ಬೇಡ; ದೊಡ್ಡದಾಗಿ ಬೆಳೆದು ಗಿಡ ಕೀಳುತ್ತದೆ. ಮೀನಿರುವ ಚೀಲವನ್ನು 20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ನಂತರ ಬಲೆಯಿಂದ ಮೀನನ್ನಷ್ಟೇ ಬಿಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೊಮ್ಮೆ ಕೊಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ತೆಗೆದ ನೀರು ತರಕಾರಿ ಮಡಿಗೆ ಒಳ್ಳೆಯದು.

ಬೇಡವಾದ ಮೀನು, ಗಿಡಗಳನ್ನು ಕೆರೆಗೆ ಎಸೆಯಲೇಬೇಡಿ. ಇಂದು ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ನೀರು ಹಯಸಿಂತ್ ದಕ್ಷಿಣ ಅಮೆರಿಕದ್ದು. ಹೂವಿನ ಚೆಲುವಿಗಾಗಿ ಜನರೇ ಊರೂರಿಗೆ ಒಯ್ದದ್ದು. ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹೆಚ್ಚಾದ ಮೀನನ್ನು ತೊಟ್ಟಿಯಿರುವ ನೆರೆಯವರಿಗೆ ಕೊಡಿ.