ಸೈನ್ಯದ ಹೆಲಿಕಾಪ್ಟರು: ನಿಲ್ಲುವ ಬಗೆ, ಇಳಿಯುವ ಬಗೆ

ಸಾಮಾನ್ಯ ವಿಮಾನವು ಮುಂದಕ್ಕೆ ಓಡಿದರೆ ಮಾತ್ರ ಹಾರಬಲ್ಲದು. ಹೆಲಿಕಾಪ್ಟರಾದರೋ ಆಕಾಶದಲ್ಲಿ ಒಂದೇ ಎಡೆಯಲ್ಲಿ ನಿಲ್ಲಬಲ್ಲದು. ಈ ಒಂದು ಗುಣದಿಂದಲೇ ಅದು ಸೈನ್ಯಕ್ಕೂ, ಸಂಕಟದಲ್ಲಿ ಸಿಕ್ಕಿದ ಜನಕ್ಕೂ ಬೇಕಾದ ವಾಹನವಾಗಿದೆ. ನೆಲದಿಂದ ನೋಡುವವರಿಗೆ ಈ ನಿಲುವು ಅತಿ ಸುಲಭವೆಂದು ತೋರುವುದು. ವಾಸ್ತವವಾಗಿ ಚಾಲಕನಿಗೆ ಇದಕ್ಕಿಂತ ದುಬಾರಿಯಾದ ಕಾರ್ಯವು ಮತ್ತೊಂದಿಲ್ಲ. ನೆರೆಯ ನೀರಿನ ನಡುವೆ ಮಾಳಿಗೆಯ ಮೇಲೆ ನಿಂತವರು, ತಲೆಯ ಮೇಲೆ ಎರಡು ಸುತ್ತು ಹಾಕಿ ಇಳಿಯದೆ ಹೋದ ಹೆಲಿಕಾಪ್ಟರನ್ನು ಕಂಡು, "ಇಷ್ಟು ಬಯಲಿದ್ದರೂ ಇಳಿಯಲಿಲ್ಲವೇಕೆ?" ಎಂದು ನೊಂದುಕೊಳ್ಳುವುದು ಸಹಜ. ಆ ಪ್ರಶ್ನೆಗೆ ಉತ್ತರವನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಉದಾಹರಣೆಗಾಗಿ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಸೈನ್ಯದ ವಿಮಾನನೆಲೆಯಿಲ್ಲ. ಆದರೆ ಚಾಲಕನನ್ನು ಪರೀಕ್ಷಿಸುವ ಮೂರು ಬಗೆಯ ನೆಲವೂ ಅಲ್ಲಿ ಒಟ್ಟಿಗೆ ಉಂಟು: ರೋಣದ ಎರೆಯ ಬಯಲು, ನರಗುಂದದ ಕಲ್ಲುಗುಡ್ಡ, ಗಜೇಂದ್ರಗಡದ ಬೆಟ್ಟದ ಸಾಲು. ಇದಲ್ಲದೆ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿದರೆ ಕೊಣ್ಣೂರು, ಹೊಳೆಆಲೂರು ಮೊದಲಾದ ದಡದ ಊರುಗಳಿಗೆ ಕೇಡು ತಪ್ಪದು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಈ ಸೀಮೆಯು ನೆರೆಯನ್ನು ಕಂಡಿತು. ೨೦೧೯ರ ಆಗಸ್ಟ್ ತಿಂಗಳಲ್ಲಿಯೇ ನೆರೆಯ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯಲ್ಲಿ, ತುಂಗಭದ್ರೆಯ ನಡುವೆ ಸಿಕ್ಕಿಬಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರು ಎತ್ತಿ ತಂದಿತು.

ಈ ಯಂತ್ರಗಳು ಕನ್ನಡ ನಾಡಿಗೆ ಹೊಸಬವಲ್ಲ. ೧೯೪೦ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಮೊದಲು ಫ್ರೆಂಚರ ಅನುಮತಿಯನ್ನು ಪಡೆದು ಚೇತಕ್ ಮತ್ತು ಚೀತಾಗಳನ್ನು ಕಟ್ಟಿತು. ಬಳಿಕ ಅಲ್ಲಿಯೇ ರೂಪುಗೊಂಡ ಧ್ರುವವು ೧೯೯೨ರ ಆಗಸ್ಟ್ ೨೦ರಂದೂ, ಯುದ್ಧಕ್ಕೆಂದೇ ರಚಿತವಾದ ಪ್ರಚಂಡವು ೨೦೧೦ರ ಮಾರ್ಚ್ ೨೯ರಂದೂ ಮೊದಲ ಬಾರಿಗೆ ಹಾರಿದುವು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿ ೬ರಂದು ಉದ್ಘಾಟಿತವಾಯಿತು.

ಇನ್ನು ನಡೆಸುವ ಬಗೆ. ಚಾಲಕನ ಎಡಗೈಯಲ್ಲಿ 'ಕಲೆಕ್ಟಿವ್' ಎಂಬ ಸನ್ನೆ ಇರುವುದು. ಅದನ್ನೆತ್ತಿದರೆ ಮೇಲೆ ತಿರುಗುವ ರೆಕ್ಕೆಗಳೆಲ್ಲವೂ ಒಟ್ಟಿಗೆ ಹೆಚ್ಚು ಓರೆಯಾಗಿ ವಾಹನವು ಮೇಲೇರುವುದು. ಬಲಗೈಯಲ್ಲಿರುವ 'ಸೈಕ್ಲಿಕ್' ಎಂಬ ದಂಡವು ಒಂದೊಂದು ರೆಕ್ಕೆಯ ಓರೆಯನ್ನು ಅದು ಸುತ್ತುವ ಹಾದಿಯಲ್ಲಿಯೇ ಬದಲಿಸುತ್ತ, ಹೋಗಬೇಕಾದ ದಿಕ್ಕಿಗೆ ತಿರುಗುಚಕ್ರವನ್ನು ಬಾಗಿಸುವುದು. ಕಾಲಿನ ಕೆಳಗಣ ಪೆಡಲುಗಳು ಬಾಲದ ಚಿಕ್ಕ ರೆಕ್ಕೆಯನ್ನು ಆಳುವುವು. ಅದಿಲ್ಲದಿದ್ದರೆ ಮೇಲಿನ ಚಕ್ರವು ತಿರುಗಿದ ದಿಕ್ಕಿಗೆ ಎದುರಾಗಿ ಒಡಲೆಲ್ಲ ಬುಗುರಿಯಂತೆ ತಿರುಗೀತು. ಈ ಮೂರರಲ್ಲಿ ಒಂದನ್ನು ಅಲುಗಿಸಿದರೆ ಮಿಕ್ಕೆರಡನ್ನೂ ಸರಿಪಡಿಸಬೇಕು.

ಕೈಯ ಆಜ್ಞೆಯನ್ನು ತಿರುಗುವ ರೆಕ್ಕೆಗಳಿಗೆ ಮುಟ್ಟಿಸುವ ತಟ್ಟೆಗೆ ಸ್ವಾಶ್‌ಪ್ಲೇಟ್ ಎಂದು ಹೆಸರು. ೨೦೨೫ರ ಜನವರಿ ೫ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವವೊಂದು ಬಿದ್ದು ಮೂವರು ಮಡಿದ ಮೇಲೆ, ತನಿಖೆಯ ದೃಷ್ಟಿಯು ಈ ತಟ್ಟೆಯ ಮುರಿತದ ಕಡೆಗೇ ತಿರುಗಿತು; ಧ್ರುವಗಳ ಪಡೆಯು ತಿಂಗಳುಗಟ್ಟಲೆ ನೆಲದ ಮೇಲೆಯೇ ನಿಂತಿತು. ಪ್ರತಿಯೊಂದು ಹಾರಾಟಕ್ಕೆ ಮೊದಲು ಚಾಲಕರು ವಾಹನವನ್ನು ಸುತ್ತಿ ನೋಡಿ, ಒಬ್ಬನು ಪಟ್ಟಿಯನ್ನು ಓದಿ ಮತ್ತೊಬ್ಬನು ಮುಟ್ಟಿ ಉತ್ತರ ಕೊಡುವ ನಿಯಮವು ಎಷ್ಟು ಅವಶ್ಯಕವೆಂಬುದು ಇದರಿಂದ ತಿಳಿಯುವುದು.

ಹೊಳೆಯಲ್ಲಿ ಮುಂದಕ್ಕೆ ಈಜುವವನಿಗಿಂತ ಒಂದೇ ಎಡೆಯಲ್ಲಿ ತೇಲಿ ನಿಲ್ಲುವವನು ಹೆಚ್ಚಾಗಿ ಕೈಕಾಲು ಬಡಿಯಬೇಕಾಗುವುದಷ್ಟೆ. ಹೆಲಿಕಾಪ್ಟರಿನ ಸ್ಥಿತಿಯೂ ಅದೇ. ನಿಂತಾಗ ಅದು ತಾನೇ ಕೆಳಕ್ಕೆ ನೂಕಿದ ಗಾಳಿಯಲ್ಲಿಯೇ ದುಡಿಯಬೇಕು. ಗಂಟೆಗೆ ಸುಮಾರು ೩೦ ರಿಂದ ೪೫ ಕಿಲೋಮೀಟರ್ ವೇಗ ಬಂದೊಡನೆ ಹೊಸ ಗಾಳಿ ದೊರೆತು ಭಾರವು ಹಗುರವಾಗುವುದು. ಗಾಳಿಯು ತೆಳುವಾದಷ್ಟೂ ನಿಲುವು ಕಷ್ಟ. ಎತ್ತರದಲ್ಲಿ ಗಾಳಿಯು ತೆಳುವೆಂಬುದು ಎಲ್ಲರಿಗೂ ಗೊತ್ತು. ಬಿಸಿಲಿನಲ್ಲಿಯೂ ಅದು ತೆಳುವಾಗುವುದೆಂಬುದನ್ನು ನಾವು ಮರೆಯುತ್ತೇವೆ. ರೋಣದ ಬಯಲು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ತುಸು ಕೆಳಗೆ ಇರುವುದು. ಆದರೆ ೪೦ ಡಿಗ್ರಿ ತಾಪದ ಬೇಸಗೆಯ ಮಧ್ಯಾಹ್ನದಲ್ಲಿ ಅಲ್ಲಿಯ ಗಾಳಿಯು ಸುಮಾರು ೫೪೦೦ ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗಿರುವುದು. ಬೆಳಗ್ಗೆ ಎತ್ತಬಹುದಾದ ಭಾರವನ್ನು ಮಧ್ಯಾಹ್ನ ಎತ್ತಲಾಗದು. ಆದುದರಿಂದ ಚಾಲಕನು ಇಳಿಯುವುದಕ್ಕೆ ಮೊದಲೇ, ತಾಪ, ಎತ್ತರ, ಇಂಧನ, ಜನರ ತೂಕಗಳನ್ನು ಕೂಡಿಸಿ, ನಿಲ್ಲುವುದಕ್ಕೆ ಬೇಕಾದ ಶಕ್ತಿಯೆಷ್ಟು, ಕೈಯಲ್ಲಿ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಮುಗಿಸಿರಬೇಕು. ಮಿಗುವ ಶಕ್ತಿ ಸಾಲದಿದ್ದರೆ ಇಳಿಯಬಾರದು. ಏಕೆಂದರೆ ಇಳಿದುದು ಮತ್ತೆ ಏರಲಾರದು.

ಎರೆಯ ಬಯಲು ನೋಡುವುದಕ್ಕೆ ಉತ್ತಮವಾದ ನೆಲವೆನಿಸುವುದು. ಬೇಸಗೆಯಲ್ಲಿ ಉತ್ತ ಹೊಲದ ಮೇಲೆ ಇಳಿಯಹೋದರೆ, ರೆಕ್ಕೆಯ ಗಾಳಿಗೆ ಎದ್ದ ಧೂಳು ಕಡೆಯ ಕೆಲವು ಅಡಿಗಳಲ್ಲಿ ನೆಲವನ್ನೇ ಮರೆಮಾಡುವುದು. ವಾಹನವು ಪಕ್ಕಕ್ಕೆ ಜಾರುತ್ತಿದ್ದರೂ ಚಾಲಕನಿಗೆ ತಿಳಿಯದು. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಎರೆಮಣ್ಣು ಮನುಷ್ಯನ ಕಾಲನ್ನು ಹಿಡಿಯುವಂತೆ ಹೆಲಿಕಾಪ್ಟರಿನ ಕಾಲನ್ನೂ ಹಿಡಿಯುವುದು. ಒಂದು ಕಾಲು ಕೆಸರಿನಲ್ಲಿ ಹೂತು ಇನ್ನೊಂದು ಮೇಲೆದ್ದರೆ, ಹೂತ ಕಾಲೇ ಕೀಲಾಗಿ ವಾಹನವು ಕ್ಷಣದಲ್ಲಿ ಮಗುಚುವುದು. ಆಗ ಸನ್ನೆಯನ್ನು ಇನ್ನೂ ಎತ್ತುವುದೇ ಅಪಾಯ. ಮೆಲ್ಲನೆ ತಗ್ಗಿಸಿ ಕುಳಿತುಬಿಡಬೇಕು.

ನರಗುಂದದ ಗುಡ್ಡದಂತಹ ಸ್ಥಳದಲ್ಲಿ ಗಾಳಿಯೇ ಮುಖ್ಯ. ಬೀಸುವ ಗಾಳಿಯು ಗುಡ್ಡದ ಎದುರುಮೈಯಲ್ಲಿ ಮೇಲೇರಿ, ಹಿಂಬದಿಯಲ್ಲಿ ಸುಳಿದು ಕೆಳಗಿಳಿಯುವುದು. ಹಿಂಬದಿಯಿಂದ ಬಂದ ಚಾಲಕನನ್ನು ಆ ಇಳಿಗಾಳಿಯು ಕಲ್ಲಿನ ಮೇಲಕ್ಕೆ ಒತ್ತುವುದು. ಆದ್ದರಿಂದ ಒಮ್ಮೆ ಎತ್ತರದಿಂದಲೂ ಒಮ್ಮೆ ತಗ್ಗಿನಿಂದಲೂ ಸುತ್ತಿ, ಗಾಳಿಯ ದಿಕ್ಕನ್ನೂ ಹಿಂದಿರುಗುವ ದಾರಿಯನ್ನೂ ಗೊತ್ತುಮಾಡಿಕೊಂಡ ಮೇಲೆಯೇ ಇಳಿಯತೊಡಗುವನು. ಜನರು ಕಾಣುವ ಆ ಎರಡು ಸುತ್ತುಗಳು ಕಾಲಹರಣವಲ್ಲ. ಕಡಿದಾಗಿಯೂ ಬೇಗನೆಯೂ ಇಳಿದರೆ ವಾಹನವು ತನ್ನದೇ ಸುಳಿಯೊಳಗೆ ಬೀಳುವುದು. ಉಸುಬಿನಲ್ಲಿ ಒದ್ದಾಡಿದವನು ಹೆಚ್ಚು ಹೂಳುವಂತೆ, ಆಗ ಶಕ್ತಿಯನ್ನು ಹೆಚ್ಚಿಸಿದಷ್ಟೂ ಪತನವು ಹೆಚ್ಚುವುದು; ಮುಂದಕ್ಕೆ ಬಾಗಿಸಿ ಹೊಸ ಗಾಳಿಗೆ ಹೋಗುವುದು ಉಪಾಯ. ನೆಲವು ಹತ್ತಿರವಿದ್ದರೆ ಆ ಉಪಾಯಕ್ಕೂ ಎಡೆಯಿರದು.

ಗಜೇಂದ್ರಗಡದ ಬೆಟ್ಟಗಳ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಸೈನ್ಯದ ಚಾಲಕನು ಶತ್ರುವಿನ ಕಣ್ಣಿಗೂ ರೇಡಾರಿಗೂ ಬೀಳದಂತೆ ನೆಲದ ಏರಿಳಿತಗಳ ಮರೆಯಲ್ಲಿ ಹಾರುವುದನ್ನು ಕಲಿಯಬೇಕಾಗುವುದು. ಆಗ ಕಂಬವು ಕಂಡರೂ ತಂತಿಯು ಕಾಣದು. ಆದುದರಿಂದ ತಂತಿಸಾಲನ್ನು ಕಂಬದ ನೆತ್ತಿಯ ಮೇಲೆಯೇ ದಾಟಬೇಕೆಂಬುದು ಚಾಲಕರ ರೂಢಿ. ಪ್ರಚಂಡದಂತಹ ವಾಹನದಲ್ಲಿ ೨೦ ಮಿಲಿಮೀಟರ್ ತೋಪು, ೭೦ ಮಿಲಿಮೀಟರ್ ರಾಕೆಟ್ಟುಗಳು, ಕ್ಷಿಪಣಿಗಳು ಉಂಟು. ತಲೆಯ ಟೋಪಿಯೊಳಗಣ ಗುರಿದರ್ಶಕದಿಂದ ನೋಟ ಹರಿದ ಕಡೆಗೆ ತೋಪು ತಿರುಗುವುದು. ಇಷ್ಟೆಲ್ಲ ಇದ್ದರೂ ಒಂದು ತಂತಿಯನ್ನು ಕಾಣದೆ ಹೋದರೆ ಎಲ್ಲವೂ ವ್ಯರ್ಥ.

ಯಂತ್ರವು ನಿಂತುಹೋದರೆ ಗತಿಯೇನು? ಇದಕ್ಕೆ ಉತ್ತರವನ್ನು ಆ ಗಾಳಿಯಂತ್ರಗಳೇ ಹೇಳುವುವು. ಚಾಲಕನು ತಡಮಾಡದೆ ಎಡಗೈ ಸನ್ನೆಯನ್ನು ತಗ್ಗಿಸಿದರೆ, ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುವುದು; ನೆಲವು ಸಮೀಪಿಸಿದಾಗ ಆ ಕೂಡಿಟ್ಟ ವೇಗವನ್ನು ಒಮ್ಮೆಗೇ ವೆಚ್ಚಮಾಡಿ ಮೆಲ್ಲನೆ ಇಳಿಯಬಹುದು. ೧೯೭೨ರ ಜೂನ್ ೨೧ರಂದು ಫ್ರಾನ್ಸಿನ ಜಾನ್ ಬುಲೆ ಎಂಬಾತನು, ನಮ್ಮ ಚೀತಾದ ಮೂಲವಾದ ಲಾಮಾದಲ್ಲಿ ೧೨,೪೪೨ ಮೀಟರ್ ಏರಿದಾಗ ಯಂತ್ರವು ನಂದಿಹೋಯಿತು. ಆತನು ಅಷ್ಟೆತ್ತರದಿಂದ ಈ ವಿಧಾನದಿಂದಲೇ ಸುರಕ್ಷಿತವಾಗಿ ಇಳಿದನು. ಆದರೆ ಇದಕ್ಕೆ ಎತ್ತರವಾದರೂ ಇರಬೇಕು, ವೇಗವಾದರೂ ಇರಬೇಕು. ಮಾಳಿಗೆಯ ಮೇಲೆ ನಿಶ್ಚಲವಾಗಿ ನಿಂತು ಹಗ್ಗವನ್ನು ಇಳಿಬಿಟ್ಟವನಿಗೆ ಎರಡೂ ಇಲ್ಲ.

೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ನಿನಲ್ಲಿ ಸುಮಾರು ೧೯,೬೦೦ ಅಡಿ ಎತ್ತರದ ಠಾಣ್ಯವು ಹಿಮದಡಿ ಹೂತಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದನು ಆರನೆಯ ದಿನ ಜೀವಂತವಾಗಿ ದೊರೆತಾಗ, ಆತನನ್ನು ಹಿಮದ ನೆಲದಿಂದ ಕೆಳಗೆ ತಂದುದು ಹೆಲಿಕಾಪ್ಟರು. ಫೆಬ್ರವರಿ ೧೧ರಂದು ದೆಹಲಿಯಲ್ಲಿ ಆತನು ತೀರಿಕೊಂಡನು. ಗಾಳಿಯ ಸಾಂದ್ರತೆಯು ಸುಮಾರು ಅರ್ಧಕ್ಕೆ ಇಳಿದಿರುವ ಅಂತಹ ಎತ್ತರದಲ್ಲಿ ಒಬ್ಬನನ್ನು ಹೆಚ್ಚಾಗಿ ಕೂರಿಸಿಕೊಳ್ಳುವುದೂ ಲೆಕ್ಕದ ಪ್ರಶ್ನೆಯೇ.

ನೆಲದ ಮೇಲಿನವರೂ ಈ ಲೆಕ್ಕಕ್ಕೆ ನೆರವಾಗಬಹುದು. ತಗಡು, ಬಟ್ಟೆ, ಮೇವಿನ ಹೊರೆಗಳನ್ನು ಬಯಲಿನಿಂದ ತೆಗೆಯಬೇಕು. ಹೊಗೆಯಿಂದಲೋ ಕಟ್ಟಿದ ಬಟ್ಟೆಯಿಂದಲೋ ಗಾಳಿಯ ದಿಕ್ಕನ್ನು ದೂರದಿಂದಲೇ ತೋರಿಸಬೇಕು. ಇಳಿದ ವಾಹನದ ಬಾಲದ ಕಡೆಗೆ ಸರ್ವಥಾ ಹೋಗಕೂಡದು; ಕರೆದ ಮೇಲೆ, ಚಾಲಕನ ಕಣ್ಣಿಗೆ ಬೀಳುವಂತೆ, ಬಾಗಿ ಬರಬೇಕು. ಇಳಿಬಿಟ್ಟ ಹಗ್ಗದ ಕೊಕ್ಕೆಯಲ್ಲಿ ವಿದ್ಯುತ್ತು ಕೂಡಿರುವುದರಿಂದ, ಅದು ನೆಲವನ್ನೋ ನೀರನ್ನೋ ಮುಟ್ಟುವವರೆಗೆ ಹಿಡಿಯಬಾರದು. ಅದನ್ನು ಯಾವುದಕ್ಕೂ ಕಟ್ಟಬಾರದು.

ಇಳಿಯದೆ ತಿರುಗಿದ ಚಾಲಕನು ಜನರನ್ನು ಬಿಟ್ಟುಹೋದನೆಂದು ಭಾವಿಸಬೇಕಾಗಿಲ್ಲ. ಭಾರವನ್ನು ಇಳಿಸಿ, ಇಂಧನವು ಕರಗಿದ ಮೇಲೆ, ಇಲ್ಲವೆ ತಂಪಾದ ಹೊತ್ತಿನಲ್ಲಿ ಮರಳಿ ಬರುವುದೂ ಆ ಲೆಕ್ಕದಲ್ಲಿ ಸೇರಿದೆ. ಶಕ್ತಿಯು ಸಾಲದೆಡೆಯಲ್ಲಿ ಇಳಿಯಹೋಗಿ ತಾನೂ ಕೆಡುವುದರಿಂದ ಯಾರಿಗೂ ಉಪಕಾರವಾಗದೆಂಬ ವಿವೇಕವನ್ನು ಸೈನ್ಯವು ತನ್ನ ಚಾಲಕರಿಗೆ ಧೈರ್ಯದೊಡನೆಯೇ ಕಲಿಸುತ್ತದೆ.