ಮಹಿಳೆಯರ ಏದುಸಿರು ಮತ್ತು ಲ್ಯಾಮ್ ಎಂಬ ಅಪರೂಪದ ವ್ಯಾಧಿ

ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಊರು. ಗಣಿಗಳಲ್ಲಿ ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಸಿಲಿಕೋಸಿಸ್ ರೋಗವನ್ನು ತರಬಲ್ಲದು. ಆ ರೋಗವಿರುವವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಆದಕಾರಣ ಇಂತಹ ಊರುಗಳಲ್ಲಿ ಏದುಸಿರು ಎಂದೊಡನೆ ಧೂಳು, ಕ್ಷಯ, ಉಬ್ಬಸಗಳನ್ನು ನಾವು ಶಂಕಿಸುವುದು ಸಹಜ. ಮೊದಲು ಅವುಗಳನ್ನು ಪರೀಕ್ಷಿಸುವುದೂ ಸರಿಯೇ. ಆದರೆ ಗಣಿಗಿಳಿಯದ, ಹೊಗೆಸೊಪ್ಪು ಸೇದದ, ಹೆರುವ ವಯಸ್ಸಿನ ಮಹಿಳೆಗೆ ಔಷಧೋಪಚಾರದ ನಂತರವೂ ಏದುಸಿರು ಹೆಚ್ಚುತ್ತಿದ್ದರೆ, ಮತ್ತೊಂದು ವ್ಯಾಧಿಯನ್ನು ನೆನೆಯಬೇಕು. ಅದರ ಹೆಸರು ಲಿಂಫಾಂಜಿಯೋಲಿಯೋಮಯೋಮಟೋಸಿಸ್, ಸಂಕ್ಷೇಪವಾಗಿ ಲ್ಯಾಮ್.

ಈ ವ್ಯಾಧಿಯಲ್ಲಿ ಸ್ನಾಯುಕೋಶಗಳನ್ನು ಹೋಲುವ ಅಸಹಜ ಕೋಶಗಳು ಶ್ವಾಸಕೋಶದಲ್ಲಿ ಬೆಳೆಯುತ್ತವೆ. ಕ್ರಮೇಣ ಅಲ್ಲಿನ ಅಂಗಾಂಶ ನಾಶವಾಗಿ, ತೆಳುಗೋಡೆಯ ಟೊಳ್ಳುಗಳು ಉಂಟಾಗುತ್ತವೆ. ಇವುಗಳಿಗೆ ಸಿಸ್ಟ್ ಎನ್ನುವರು. ಸಿಸ್ಟ್ ಒಡೆದರೆ ಗಾಳಿ ಎದೆಗೂಡಿನೊಳಗೆ ಸೋರಿ ಶ್ವಾಸಕೋಶ ಕುಸಿಯುತ್ತದೆ. ಆಗ ಹಠಾತ್ತಾಗಿ ಎದೆನೋವು, ಉಸಿರುಕಟ್ಟು ಕಾಣಿಸುತ್ತವೆ. ಇದು ಮರುಕಳಿಸುವುದೂ ಉಂಟು. ಕೆಲವರಲ್ಲಿ ಎದೆಯೊಳಗೆ ಹಾಲಿನಂತಹ ಬಿಳಿ ದ್ರವ ಸಂಗ್ರಹವಾಗುತ್ತದೆ.

ಆರಂಭದಲ್ಲಿ ಸಾಮಾನ್ಯ ಎಕ್ಸ್‌-ರೇ ದೋಷವಿಲ್ಲದಂತೆ ತೋರಬಹುದು. ಹೈ ರೆಸಲ್ಯೂಷನ್ ಸಿ.ಟಿ. ಸ್ಕ್ಯಾನ್‌ನಲ್ಲಿ ಮಾತ್ರ ಎರಡೂ ಶ್ವಾಸಕೋಶಗಳಲ್ಲಿ ಹರಡಿದ ದುಂಡನೆಯ ಸಿಸ್ಟ್‌ಗಳು ಸ್ಪಷ್ಟವಾಗುತ್ತವೆ. ಬೇರೆ ರೋಗಗಳಲ್ಲಿಯೂ ಸಿಸ್ಟ್‌ಗಳಿರುವುದರಿಂದ ಚಿತ್ರವೊಂದೇ ಸಾಲದು. ಮತ್ತೊಂದು ಸಾಕ್ಷ್ಯ ಬೇಕು. ಮೂತ್ರಪಿಂಡದಲ್ಲಿ ಆಂಜಿಯೋಮಯೋಲಿಪೋಮ ಎಂಬ ಕೊಬ್ಬಿನಂಶದ ಗಡ್ಡೆ, ಎದೆಯ ಬಿಳಿ ದ್ರವ, ಅಥವಾ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಅನುವಂಶಿಕ ರೋಗ ಇದ್ದರೆ ನಿರ್ಣಯ ದೃಢವಾಗುತ್ತದೆ. ಬಾಲ್ಯದಿಂದ ಬರುವ ಫಿಟ್ಸ್, ಮುಖದ ಮೇಲಿನ ಸಣ್ಣ ಗುಳ್ಳೆಗಳು ಈ ಅನುವಂಶಿಕ ರೋಗದ ಸುಳಿವುಗಳು. ಅವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರಕ್ತದಲ್ಲಿ ವಿ.ಇ.ಜಿ.ಎಫ್.-ಡಿ ಪ್ರಮಾಣ ಮಿಲಿಲೀಟರಿಗೆ 800 ಪಿಕೋಗ್ರಾಂ ಅಥವಾ ಹೆಚ್ಚಿದ್ದರೂ ಅದೇ ಸಾಕ್ಷ್ಯ. ಇವುಗಳಲ್ಲಿ ಯಾವುದಾದರೊಂದು ದೊರೆತರೆ ಶ್ವಾಸಕೋಶದ ತುಣುಕು ತೆಗೆದು ಪರೀಕ್ಷಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಹೆಸರು ತಿಳಿದರೆ ಫಲವೇನು? 2011ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಯೋಗವು ಸಿರೊಲಿಮಸ್ ಔಷಧಿ ಶ್ವಾಸಕೋಶದ ಶಕ್ತಿ ಕುಂದುವುದನ್ನು ತಡೆಹಿಡಿಯುತ್ತದೆಂದು ತೋರಿಸಿತು. ಔಷಧಿ ನಿಲ್ಲಿಸಿದರೆ ಕುಂದುವಿಕೆ ಮತ್ತೆ ಆರಂಭವಾಗುತ್ತದೆ. ಕಳೆದುಹೋದ ಅಂಗಾಂಶ ಮರಳದಾದ್ದರಿಂದ ಬೇಗ ಗುರುತಿಸುವುದೇ ಲಾಭ. ಈಸ್ಟ್ರೋಜೆನ್ ಇರುವ ಮಾತ್ರೆಗಳನ್ನು ಇಂತಹವರು ವರ್ಜಿಸಬೇಕು. ಗರ್ಭಧಾರಣೆಗೆ ಮುನ್ನ ತಜ್ಞರ ಸಲಹೆ ಪಡೆಯಬೇಕು.

ಕ್ಷಯದ ಔಷಧಿಯನ್ನು ತಾವಾಗಿಯೇ ಯಾರೂ ನಿಲ್ಲಿಸಕೂಡದು. ಗುಣ ಕಾಣದಿದ್ದಲ್ಲಿ ಹಳೆಯ ಚಿತ್ರಗಳೊಡನೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ, ಅಗತ್ಯವಾದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ವೈದ್ಯರನ್ನು ಕಂಡು, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವಿಚಾರಿಸಬೇಕು. ಮನೆಯ ತಾಯಂದಿರು "ಸುಸ್ತು" ಎಂದಾಗ ವಯಸ್ಸಿನ ಮೇಲೋ ದುಡಿಮೆಯ ಮೇಲೋ ಹೊರಿಸಿ ಸುಮ್ಮನಾಗದಿರುವುದು ನಮ್ಮೆಲ್ಲರ ಹೊಣೆ.