ಕಡತ ಬದಲಾದರೂ ಬದಲಾಗದ ಚಿತ್ರ

ಮುದ್ರಿತವಾದ ನಕ್ಷೆಯೊಂದು ಓದುಗರಿಗೆ ಸತ್ಯವೆಂದೇ ತೋರುತ್ತದೆ. ಬರಹದಲ್ಲಿ ನುಸುಳಿದ ತಪ್ಪನ್ನು ಹುಡುಕಿ ತೆಗೆಯುವ ಕಣ್ಣು ಸಹ ಗೆರೆ, ಬಣ್ಣಗಳಿಂದ ಕೂಡಿದ ಚಿತ್ರವನ್ನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಆದುದರಿಂದ ಶಾಲೆಯ ಸಂಚಿಕೆಯಲ್ಲಾಗಲಿ, ಪಾಠದ ಟಿಪ್ಪಣಿಯಲ್ಲಾಗಲಿ ಅಚ್ಚಾಗುವ ಚಿತ್ರದ ಹೊಣೆ ಬರಹದ ಹೊಣೆಗಿಂತ ಕಡಿಮೆಯದಲ್ಲ.

ಉಡುಪಿ ಜಿಲ್ಲೆಯ ನಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. 1997ರ ಆಗಸ್ಟ್ ತಿಂಗಳಿನಲ್ಲಿ ಅವಿಭಜಿತ ದಕ್ಷಿಣ ಕನ್ನಡದಿಂದ ಈ ಜಿಲ್ಲೆ ಬೇರ್ಪಟ್ಟಾಗ ಅದರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳಿದ್ದವು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಕಾಪು, ಹೆಬ್ರಿಗಳೂ ಸೇರಿ ಇಂದು ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆ. ಕುಂದಾಪುರ ತಾಲೂಕಿನಲ್ಲಿದ್ದ ಕೊಲ್ಲೂರು, ಶಿರೂರುಗಳು ಬೈಂದೂರಿಗೆ ಸೇರಿದವು. ಉಡುಪಿ ತಾಲೂಕಿನಲ್ಲಿದ್ದ ಬಾರಕೂರು, ಕೋಟಗಳು ಬ್ರಹ್ಮಾವರಕ್ಕೆ ಸೇರಿದವು. ಊರು ಕದಲಲಿಲ್ಲ, ಹೊಳೆ ಕದಲಲಿಲ್ಲ. ಗೆರೆ ಮಾತ್ರ ಕದಲಿತು.

ಈಗ ಕುಂದಾಪುರದ ಶಾಲೆಯೊಂದರ ಅಧ್ಯಾಪಕರು ಗಣಕಯಂತ್ರದಲ್ಲಿ ಸಂಚಿಕೆಯ ಲೇಖನವನ್ನು ಸಿದ್ಧಪಡಿಸುತ್ತಿರುವರೆಂದು ಭಾವಿಸೋಣ. ಲೇಖನದ ನಡುವೆ ಜಿಲ್ಲೆಯ ಹಳೆಯ ನಕ್ಷೆಯಿದೆ. ಚಿತ್ರ ಬರೆಯುವ ತಂತ್ರಾಂಶದಲ್ಲಿ ಆ ನಕ್ಷೆಯನ್ನು ತೆರೆದು, ಹೊಸ ಗಡಿಗಳನ್ನು ಎಳೆದು, ಅದೇ ಹೆಸರಿನಲ್ಲಿ ಉಳಿಸುತ್ತಾರೆ. ಮರಳಿ ಲೇಖನವನ್ನು ನೋಡಿದರೆ ಅಲ್ಲಿ ಅದೇ ಮೂರು ತಾಲೂಕುಗಳು! ತಿದ್ದುಪಡಿ ಕೈಗೂಡಲಿಲ್ಲವೆಂದು ತಿಳಿದು ಅವರು ಮತ್ತೊಮ್ಮೆ ತಿದ್ದುತ್ತಾರೆ. ಸರಿಯಾಗಿದ್ದುದು ಎರಡನೆಯ ತಿದ್ದುಪಡಿಯಲ್ಲಿ ಕೆಡುವುದೂ ಉಂಟು. ಇದು ಯಾರ ಅಜಾಗ್ರತೆಯೂ ಅಲ್ಲ. ಗಣಕಯಂತ್ರವು ಕೆಲಸ ಮಾಡುವ ಕ್ರಮದಿಂದಲೇ ಹುಟ್ಟುವ ತೊಡಕು ಇದು.

ಪ್ರತಿಯನ್ನು ಇಟ್ಟುಕೊಳ್ಳುವುದೇಕೆ?

ಅಗಲದಲ್ಲಿ 3000, ಎತ್ತರದಲ್ಲಿ 2000 ಚುಕ್ಕೆಗಳಿರುವ ಚಿತ್ರವೊಂದರಲ್ಲಿ ಒಟ್ಟು 60 ಲಕ್ಷ ಚುಕ್ಕೆಗಳಿರುತ್ತವೆ. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ತಿಳಿಸಲು ಮೂರು ಬೈಟುಗಳಂತೆ ಲೆಕ್ಕ ಹಾಕಿದರೆ 1 ಕೋಟಿ 80 ಲಕ್ಷ ಬೈಟುಗಳಾಗುತ್ತವೆ. ಡಿಸ್ಕಿನಲ್ಲಿ ಇಷ್ಟನ್ನೂ ಹಾಗೆಯೇ ಇಡದೆ ಸಂಕ್ಷೇಪಿಸಿ ಇಡುವುದು ವಾಡಿಕೆ. ಪರದೆಯ ಮೇಲೆ ತೋರಿಸುವಾಗ ಈ ಸಂಕ್ಷೇಪವನ್ನು ಮತ್ತೆ ಬಿಡಿಸಬೇಕಾಗುತ್ತದೆ. ಓದುಗನು ಪುಟವನ್ನು ಮೇಲೆ ಕೆಳಗೆ ಸರಿಸಿದಾಗಲೆಲ್ಲ ಈ ಕೆಲಸವನ್ನು ಮೊದಲಿನಿಂದ ಮಾಡುವುದಾದರೆ ಯಂತ್ರವು ತಡವರಿಸುತ್ತದೆ. ಆದುದರಿಂದ ಒಮ್ಮೆ ಬಿಡಿಸಿದ ಚಿತ್ರವನ್ನು ತಂತ್ರಾಂಶವು ತನ್ನ ಸ್ಮರಣೆಯಲ್ಲಿ ಕಾಪಿಟ್ಟುಕೊಂಡು, ಬೇಕಾದಾಗ ಅದನ್ನೇ ತೋರಿಸುತ್ತದೆ. ಈ ಕಾಪಿನ ಜಾಗಕ್ಕೆ ಕ್ಯಾಶ್ ಎಂದು ಹೆಸರು.

ಈ ತತ್ತ್ವ ಹೊಸದೇನಲ್ಲ. ದೊಡ್ಡದಾದರೂ ನಿಧಾನವಾದ ಸ್ಮರಣೆಯ ಜೊತೆಗೆ ಚಿಕ್ಕದಾದರೂ ಚುರುಕಾದ ಸ್ಮರಣೆಯೊಂದನ್ನು ಇರಿಸುವ ವಿಚಾರವನ್ನು ಇಂಗ್ಲೆಂಡಿನ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1965ರಲ್ಲಿ ಮಂಡಿಸಿದರು. 1968ರಲ್ಲಿ ಪ್ರಕಟಗೊಂಡ ಐ.ಬಿ.ಎಂ. ಸಂಸ್ಥೆಯ ಸಿಸ್ಟಂ 360 ಮಾಡೆಲ್ 85 ಎಂಬ ಯಂತ್ರದೊಡನೆ ಕ್ಯಾಶ್ ಎಂಬ ಹೆಸರು ಬಳಕೆಗೆ ಬಂದಿತು. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಹುಟ್ಟಿದ ಪದವದು. ಇಂದು ಗಣಕಯಂತ್ರದ ಎಲ್ಲ ಸ್ತರಗಳಲ್ಲಿಯೂ ಈ ಏರ್ಪಾಡು ಇದೆ.

ಹಳೆಯದು ಉಳಿಯುವುದೇಕೆ?

ರೈತನೊಬ್ಬನು ತನ್ನ ಜಮೀನಿನ ಪಹಣಿಯ ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾನೆ. ತಾಲೂಕು ಕಚೇರಿಯ ದಾಖಲೆಯಲ್ಲಿ ಖಾತೆ ಬದಲಾದರೆ ಪೆಟ್ಟಿಗೆಯೊಳಗಿನ ಪ್ರತಿಗೆ ಅದು ತಿಳಿಯುವುದಿಲ್ಲ. ಪ್ರತಿಯು ಸುಳ್ಳಲ್ಲ; ಅದನ್ನು ಪಡೆದ ದಿನದ ಸತ್ಯವನ್ನು ಅದು ಹೇಳುತ್ತಿದೆ, ಅಷ್ಟೆ. ಕ್ಯಾಶಿನಲ್ಲಿರುವ ಚಿತ್ರದ ಸ್ಥಿತಿಯೂ ಇದೇ.

ಇದನ್ನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ಸ್ಪಷ್ಟವಾಗಿ ಕಾಣಬಹುದು. 1976ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಮೊದಲ ರೂಪವನ್ನು ಪಡೆದ ಇದನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಗ್ನೂ ಈಮ್ಯಾಕ್ಸ್ ಎಂಬ ಹೆಸರಿನಿಂದ ಸ್ವತಂತ್ರ ತಂತ್ರಾಂಶವಾಗಿ ನೀಡಿದರು. 2001ರ 21ನೆಯ ಆವೃತ್ತಿಯಿಂದ ಅದು ಬರಹದ ನಡುವೆ ಚಿತ್ರಗಳನ್ನು ತೋರಿಸಲು ಶಕ್ತವಾಯಿತು. ಚಿತ್ರವೊಂದನ್ನು ತೋರಿಸಬೇಕಾದಾಗ ಈಮ್ಯಾಕ್ಸ್ ತನ್ನ ಕ್ಯಾಶಿನಲ್ಲಿ ಕಡತದ ಹೆಸರು, ಚಿತ್ರದ ಬಗೆ ಮುಂತಾದ ವಿವರಣೆಯನ್ನು ಹುಡುಕುತ್ತದೆ. ವಿವರಣೆ ಹೊಂದಿದರೆ ಕಾಪಿಟ್ಟ ಚಿತ್ರವನ್ನೇ ತೋರಿಸುತ್ತದೆ; ಕಡತದ ಒಳಗೇನಿದೆಯೆಂದು ಮತ್ತೆ ನೋಡುವುದಿಲ್ಲ. ಅಧ್ಯಾಪಕರು ಅದೇ ಹೆಸರಿನಲ್ಲಿ ಉಳಿಸಿದ್ದರಿಂದ ಹೆಸರು ಹೊಂದಿತು, ಹಳೆಯ ನಕ್ಷೆ ಬಂದಿತು.

ಕಾಪಿಟ್ಟ ಚಿತ್ರಗಳು ಶಾಶ್ವತವಲ್ಲ. ಸಾಮಾನ್ಯವಾಗಿ 300 ಸೆಕೆಂಡುಗಳ ಕಾಲ ತೋರಿಸದೆ ಉಳಿದ ಚಿತ್ರವನ್ನು ಈಮ್ಯಾಕ್ಸ್ ಕ್ಯಾಶಿನಿಂದ ತೆಗೆದುಹಾಕುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ಪರದೆಯ ಮೇಲೆ ಮತ್ತೆ ಮತ್ತೆ ಮೂಡುವ ಚಿತ್ರಕ್ಕೆ ಈ ಅವಧಿ ಪ್ರತಿ ಸಲವೂ ಹೊಸದಾಗಿ ಆರಂಭವಾಗುತ್ತದೆ. ಎಂದರೆ, ಹೆಚ್ಚು ಗಮನವಿಟ್ಟು ನೋಡುತ್ತಿರುವ ಚಿತ್ರವೇ ಹೆಚ್ಚು ಕಾಲ ಹಳೆಯದಾಗಿ ಉಳಿಯುತ್ತದೆ.

ಬದಲಾವಣೆಯನ್ನು ಅರಿಯುವ ಬಗೆ

ಮೂಲವು ಬದಲಾಯಿತೆಂಬುದನ್ನು ತಂತ್ರಾಂಶವು ಮೂರು ಬಗೆಯಲ್ಲಿ ಅರಿಯಬಹುದು.

ಮೊದಲನೆಯದು ಹೋಲಿಕೆ. ಪ್ರತಿಯೊಂದು ಕಡತದೊಡನೆ ಅದನ್ನು ಕೊನೆಯದಾಗಿ ತಿದ್ದಿದ ಸಮಯ ದಾಖಲಾಗಿರುತ್ತದೆ. ಚಿತ್ರವನ್ನು ತೋರಿಸುವ ಮೊದಲು ಈ ಸಮಯವನ್ನೂ ಕಡತದ ಗಾತ್ರವನ್ನೂ ನೋಡಿದರೆ ಬದಲಾವಣೆ ತಿಳಿಯುತ್ತದೆ. ಆದರೆ ಹಳೆಯ ಮಾದರಿಯ ಕೆಲವು ಡಿಸ್ಕುಗಳು ಸಮಯವನ್ನು ಎರಡು ಸೆಕೆಂಡುಗಳ ಅಳತೆಯಲ್ಲಿ ಮಾತ್ರ ಬರೆದುಕೊಳ್ಳುವುದರಿಂದ, ಅಷ್ಟರೊಳಗೆ ಆದ ಎರಡನೆಯ ತಿದ್ದುಪಡಿ ಕಣ್ಣು ತಪ್ಪಬಹುದು.

ಎರಡನೆಯದು ಆಗಾಗ ವಿಚಾರಿಸುವುದು. ಈಮ್ಯಾಕ್ಸಿನಲ್ಲಿ ಆಟೋ-ರಿವರ್ಟ್ ಎಂಬ ಏರ್ಪಾಡನ್ನು ಆರಂಭಿಸಿದರೆ ಅದು ಸಾಮಾನ್ಯವಾಗಿ ಐದು ಸೆಕೆಂಡುಗಳಿಗೊಮ್ಮೆ ಕಡತವನ್ನು ಪರೀಕ್ಷಿಸುತ್ತದೆ. ಇದು ಸರಳವಾದ ಕ್ರಮ. ಆದರೆ ಕಡತಗಳು ಹೆಚ್ಚಿದಂತೆ ವಿಚಾರಣೆಯ ಕೆಲಸವೂ ಹೆಚ್ಚುತ್ತದೆ.

ಮೂರನೆಯದು ಸೂಚನೆಯನ್ನು ಪಡೆಯುವುದು. ಯಂತ್ರದ ಎಲ್ಲ ಕಡತಗಳನ್ನು ನೋಡಿಕೊಳ್ಳುವ ಕಾರ್ಯಾಚರಣಾ ವ್ಯವಸ್ಥೆಯೇ ಬದಲಾವಣೆಯಾದೊಡನೆ ತಂತ್ರಾಂಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಲಿನಕ್ಸಿನಲ್ಲಿ ಇದಕ್ಕೆಂದು ಐನೋಟಿಫೈ ಎಂಬ ಸೌಲಭ್ಯವು 2005ರಲ್ಲಿ ಸೇರಿತು. 2014ರ 24.4ನೆಯ ಆವೃತ್ತಿಯಿಂದ ಈಮ್ಯಾಕ್ಸಿನ ಆಟೋ-ರಿವರ್ಟ್ ಕೂಡ ಇಂತಹ ಸೂಚನೆಗಳನ್ನು ಬಳಸುತ್ತಿದೆ.

ಈ ಕ್ರಮವೂ ದೋಷರಹಿತವಲ್ಲ. ಅನೇಕ ತಂತ್ರಾಂಶಗಳು ಹಳೆಯ ಕಡತದ ಮೇಲೆಯೇ ಬರೆಯದೆ, ಬೇರೊಂದು ತಾತ್ಕಾಲಿಕ ಕಡತದಲ್ಲಿ ಬರೆದು, ಕೊನೆಗೆ ಅದಕ್ಕೆ ಹಳೆಯ ಹೆಸರನ್ನು ಕೊಡುತ್ತವೆ. ಆಗ ಹಳೆಯ ಕಡತವನ್ನೇ ಕಾಯುತ್ತ ಕುಳಿತ ಕಾವಲುಗಾರನಿಗೆ ಹೊಸಬನ ಸುಳಿವು ಸಿಗದು. ಕಡತವನ್ನಲ್ಲದೆ ಅದಿರುವ ಕೋಶವನ್ನೂ ಕಾಯಬೇಕಾಗುತ್ತದೆ. ಕಡತವು ಪೂರ್ತಿಯಾಗಿ ಬರೆಯಲ್ಪಡುವ ಮೊದಲೇ ಓದಿದರೆ ಅರ್ಧ ಚಿತ್ರ ಮೂಡುತ್ತದೆ. ಜಾಲದ ಮೂಲಕ ಹಂಚಿಕೊಂಡ ಡಿಸ್ಕಿನಲ್ಲಿರುವ ಕಡತವನ್ನು ಮತ್ತೊಂದು ಯಂತ್ರದಲ್ಲಿ ಕುಳಿತವರು ತಿದ್ದಿದರೆ ಸೂಚನೆ ಬಾರದೆಯೂ ಇರಬಹುದು.

ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಆಟೋ-ರಿವರ್ಟ್ ನೋಡಿಕೊಳ್ಳುವುದು ತೆರೆದಿಟ್ಟ ಕಡತವನ್ನು. ಲೇಖನದ ಕಡತವನ್ನು ಅದು ಕಾಯುತ್ತಿದ್ದರೂ, ಲೇಖನದೊಳಗೆ ಹೆಸರಿನಿಂದ ಮಾತ್ರ ಸೂಚಿತವಾದ ನಕ್ಷೆಯ ಕಡತವು ಅದರ ಕಾವಲಿಗೆ ಒಳಪಟ್ಟಿರುವುದಿಲ್ಲ. ಇಲ್ಲಿ ಮನುಷ್ಯನೇ ಆಜ್ಞೆ ಕೊಡಬೇಕು. ಕ್ಲಿಯರ್-ಇಮೇಜ್-ಕ್ಯಾಶ್ ಎಂಬ ಆದೇಶವನ್ನು ನೀಡಿದರೆ ಕಾಪಿಟ್ಟ ಚಿತ್ರಗಳು ತೊಲಗಿ, ಪರದೆಯು ಮೂಲ ಕಡತಗಳನ್ನು ಹೊಸದಾಗಿ ಓದಿಕೊಳ್ಳುತ್ತದೆ. ಒಂದೇ ಚಿತ್ರವನ್ನು ತೆಗೆಯಲು ಇಮೇಜ್-ಫ್ಲಶ್ ಎಂಬ ಬೇರೆ ಸಾಧನವಿದ್ದು, ತಂತ್ರಾಂಶ ಬರೆಯಬಲ್ಲವರು ಅದನ್ನು ಉಪಯೋಗಿಸುತ್ತಾರೆ.

ಹಳೆಯ ಪ್ರತಿಯ ಬೆಲೆ

ಹಾಗಾದರೆ ಹಳೆಯದೆಲ್ಲವೂ ತ್ಯಾಜ್ಯವೇ? ಖಂಡಿತ ಅಲ್ಲ. ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಜನಿಸಿದಾಗ ಆ ಊರು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ಆ ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. 1997ರ ಡಿಸೆಂಬರಿನಲ್ಲಿ ಕಾರಂತರು ನಿಧನರಾಗುವ ಕೆಲವೇ ತಿಂಗಳುಗಳ ಹಿಂದೆ ಅದು ಉಡುಪಿ ಜಿಲ್ಲೆಯ ಊರಾಯಿತು. ಇಂದು ಅದು ಬ್ರಹ್ಮಾವರ ತಾಲೂಕಿನಲ್ಲಿದೆ. ಈ ಪ್ರತಿಯೊಂದು ಕಾಲದ ನಕ್ಷೆಯೂ ಆಯಾ ಕಾಲಕ್ಕೆ ಸರಿಯಾದುದೇ. ವಿದ್ಯಾರ್ಥಿಯೊಬ್ಬನಿಗೆ ಇತಿಹಾಸವನ್ನು ಕಲಿಸುವಾಗ ಈ ಹಳೆಯ ನಕ್ಷೆಗಳೇ ಅಮೂಲ್ಯವಾಗುತ್ತವೆ. ದೋಷವಿರುವುದು ಹಳೆಯದಾಗಿರುವುದರಲ್ಲಲ್ಲ, ಹಳೆಯದು ಇಂದಿನದೆಂಬಂತೆ ತೋರುವುದರಲ್ಲಿ.

ಆದುದರಿಂದ ಸಂಚಿಕೆಯನ್ನು ಸಿದ್ಧಪಡಿಸುವವರು ಹಳೆಯ ಕಡತವನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಇಡುವುದಕ್ಕಿಂತ, ಹೆಸರಿನಲ್ಲಿಯೇ ವರ್ಷವನ್ನು ಸೇರಿಸುವುದು ಲೇಸು. ‘ಉಡುಪಿ ನಕ್ಷೆ 1997’, ‘ಉಡುಪಿ ನಕ್ಷೆ 2018’ ಎಂದು ಬೇರೆ ಬೇರೆ ಹೆಸರಿಟ್ಟು, ಲೇಖನದಲ್ಲಿಯೂ ಹೊಸ ಹೆಸರನ್ನೇ ನಮೂದಿಸಿದರೆ ಎರಡು ಪ್ರಯೋಜನಗಳುಂಟು: ಹೊಸ ಹೆಸರು ಕ್ಯಾಶಿನಲ್ಲಿ ಇರದ ಕಾರಣ ತಂತ್ರಾಂಶವು ಹೊಸ ಚಿತ್ರವನ್ನೇ ತರುತ್ತದೆ, ಹಳೆಯ ಚಿತ್ರವೂ ಕಾಲದ ಸಾಕ್ಷಿಯಾಗಿ ಉಳಿಯುತ್ತದೆ. ಮುದ್ರಣಾಲಯಕ್ಕೆ ಕಳುಹಿಸುವ ಮೊದಲು ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದು, ಪ್ರತಿಯೊಂದು ಚಿತ್ರವನ್ನೂ ಮೂಲದೊಡನೆ ಹೋಲಿಸುವುದು ಉಚಿತ. ಕಡೆಗೆ, ಕರಡಚ್ಚನ್ನು ಕಾಗದದ ಮೇಲೆ ನೋಡಬೇಕು. ಪರದೆಯ ಮೇಲಿನ ತಪ್ಪನ್ನು ಒಂದು ಆದೇಶದಿಂದ ನೀಗಬಹುದು. ಅಚ್ಚಾಗಿ ಮನೆ ಮನೆ ಸೇರಿದ ಪುಟವನ್ನು ನವೀಕರಿಸುವ ಆದೇಶ ಯಾವ ಯಂತ್ರದಲ್ಲಿಯೂ ಇಲ್ಲ. ಶಿರೂರಿನ ಬಾಲಕನೊಬ್ಬನು ತನ್ನ ಊರಿನ ತಾಲೂಕು ಯಾವುದೆಂದು ಆ ಪುಟದಿಂದಲೇ ಕಲಿಯುತ್ತಾನೆ.